ಗುಬುಲಕೆರಿಗೆ ಆ ಹೆಸರು ಬಂದದ್ದು

ಮಲಪ್ರಭೆಯ ಬಡಗಣ ಸೀಮೆಯಲ್ಲಿ, ಕೆಂಪುಗಲ್ಲಿನ ಎರಡು ಗುಡ್ಡಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಕಡೆ, ಸೋಗಲಿಮಟ್ಟಿ ಎಂಬ ಊರಿದೆ. ಊರಿನ ಪಡುವಲಿಗೆ ಒಂದು ಕೆರೆ. ಎದುರುಬದುರಾಗಿ ಬಂದ ಎರಡು ಚಕ್ಕಡಿಗಳು ಒಂದನ್ನೊಂದು ತಾಗದೆ ದಾಟಿಹೋಗುವಷ್ಟು ಅದರ ಒಡ್ಡು ಅಗಲವಾಗಿದೆ. ಸರ್ಕಾರದವರು ನೆಟ್ಟ ಫಲಕದಲ್ಲಿ ‘ಚಂದ್ರಸಾಗರ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಆದರೆ ಆ ಹೆಸರು ಹಿಡಿದು ದಾರಿ ಕೇಳಿದರೆ ಸುತ್ತಲಿನ ಹನ್ನೆರಡು ಹಳ್ಳಿಗಳಲ್ಲಿ ಒಬ್ಬನಾದರೂ ಕೈ ಮಾಡಿ ತೋರಿಸಿದರೆ ಕೇಳಿ! ಬಸ್ಸಿನ ಕಂಡಕ್ಟರನು “ಗುಬುಲಕೆರಿ ಇಳಿಯೋರು ಮುಂದ ಬರ್ರಿ” ಎಂದೇ ಕೂಗುತ್ತಾನೆ. ಪೇಟೆಯಿಂದ ಬಂದವರು ಅದನ್ನು ಕೇಳಿ ಮುಸಿಮುಸಿ ನಗುತ್ತಾರೆ. ಬಾಯಲ್ಲಿ ನೀರು ತುಂಬಿಕೊಂಡು ಮಾತಾಡಿದ ಹಾಗಿದೆ ಎನ್ನುತ್ತಾರೆ. ವಿದ್ವಾಂಸರೊಬ್ಬರು, ಇದು ‘ಗೋಪಾಲಕೆರೆ’ಯೇ ಸವೆದು ಸವೆದು ಹೀಗಾದದ್ದು ಎಂದು ಹದಿನಾಲ್ಕು ಪುಟ ಬರೆದು ಅಚ್ಚು ಹಾಕಿಸಿಯೂ ಬಿಟ್ಟಿದ್ದಾರೆ. ಅವರಿಗೆ ಏನು ಹೇಳೋಣ! ಒಂದು ಸಂಜೆ ಒಡ್ಡಿನ ಮೇಲೆ ಕುಳಿತು ಸಾಂವಕ್ಕನ ಕಥೆ ಕೇಳಿದ್ದರೆ ಅಷ್ಟು ಕಾಗದವಾದರೂ ಉಳಿಯುತ್ತಿತ್ತು.

ಹಿಂದೆ ಒಮ್ಮೆ, ಈ ಸೀಮೆಯನ್ನು ದೇಸಾಯರು ಆಳುತ್ತಿದ್ದ ಕಾಲದಲ್ಲಿ, ಈ ಒಡ್ಡನ್ನು ಕಾಯುವ ಕೆಲಸ ಸಾಂವಕ್ಕನೆಂಬ ಹೆಣ್ಣುಮಗಳದಾಗಿತ್ತು ಎನ್ನುತ್ತಾರೆ. ಮೊದಲು ಆ ಕೆಲಸ ಅವಳ ಗಂಡ ಯಮನಪ್ಪನದು. ಒಂದು ಮಳೆಗಾಲದಲ್ಲಿ ಒಡ್ಡಿಗೆ ತೂತು ಬಿದ್ದಾಗ ಅದರ ಬಾಯಿ ಹುಡುಕಲು ನೀರಿಗೆ ಧುಮುಕಿದ ಯಮನಪ್ಪನ ಹಗ್ಗ ಹಿಡಿದವರ ಕೈ ಜಾರಿತು; ಅವನು ಮತ್ತೆ ಮೇಲೆ ಬರಲಿಲ್ಲ. ಒಡ್ಡು ಉಳಿಯಿತು. ಗಂಡನ ದಿನಕರ್ಮ ಮುಗಿಸಿದ ಮರುದಿನವೇ ಸಾಂವಕ್ಕ ಅವನ ಕೋಲು ಹಿಡಿದು ಒಡ್ಡಿನ ಮೇಲೆ ನಡೆಯತೊಡಗಿದಳು. ಹೆಂಗಸಿಗೆ ಇದೆಲ್ಲ ಆಗುತ್ತದೆಯೇ ಎಂದು ಊರು ನಾಲ್ಕು ದಿನ ಗೊಣಗಿ ಆಮೇಲೆ ಸುಮ್ಮನಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಬರಿಗಾಲಲ್ಲಿ ಒಡ್ಡಿನ ಬುಡದುದ್ದಕ್ಕೂ ನಡೆಯುವುದು ಅವಳ ಕೆಲಸ. ಚಪ್ಪಲಿ ಮೆಟ್ಟಿದರೆ ನೀರು ಜಿನುಗುವ ನೆಲದ ತಂಪು ಕಾಲಿಗೆ ಗೊತ್ತಾಗುವುದಿಲ್ಲವಲ್ಲ! ಗಂಡನನ್ನು ನುಂಗಿದ ನೀರನ್ನು ಅವಳು ದ್ವೇಷಿಸಬೇಕಿತ್ತು ಎಂದು ನಿಮಗನ್ನಿಸಬಹುದು. ಅವಳಿಗೆ ಹಾಗಿರಲಿಲ್ಲ. ಗಂಡ ಜೀವ ಕೊಟ್ಟು ಉಳಿಸಿದ ಕೆರೆ ಎಂದು ಅವಳಿಗೆ ಅದರ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲಿರುವಷ್ಟೇ ಮಮತೆ.

ಸೋಗಲಿಮಟ್ಟಿಯವರಿಗೆ ಕೆರೆಯ ಕೆಲಸಕ್ಕೆಂದೇ ತಮ್ಮವೇ ಆದ ಕೆಲವು ಮಾತುಗಳಿದ್ದವು. ಒಡ್ಡಿನ ಒಳಗೆ ತೂತಾಗಿ, ಹೊರಬುಡದಲ್ಲಿ ನೀರು ಕುದಿಯುವ ಸಾರಿನಂತೆ ಉಕ್ಕುವುದಕ್ಕೆ ‘ಗುಬುಲ್’ ಎನ್ನುತ್ತಿದ್ದರು. ಅದನ್ನು ಮುಚ್ಚಲು ಜೇಡಿಮಣ್ಣಿಗೆ ಜೋಳದ ಕಣಿಕೆ ಕೊಚ್ಚಿ ಹಾಕಿ ತುಳಿದ ಕೆಸರು ‘ಪಚಡಿ’. ಆ ಪಚಡಿಯ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಲು ಜನ ಸಾಲಾಗಿ ನಿಂತರೆ ಅದು ‘ಕೈಬಳ್ಳಿ’. ಒಡ್ಡಿನ ಮೇಲಿಂದ ಯಾರಾದರೂ “ಗುಬುಲಾತೋ!” ಎಂದು ಕೂಗಿದರೆ ಕೂಗಿದವರು ಯಾರು, ಏಕೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಉಣ್ಣುವವನು ತುತ್ತು ಬಿಟ್ಟು, ಹಾಲು ಕರೆಯುವವಳು ಚರಿಗೆ ಇಟ್ಟು, ಮದುವೆಯ ಮನೆಯಾದರೆ ಮದುಮಗನೂ ಬಾಸಿಂಗ ಬಿಚ್ಚಿಟ್ಟು ಓಡಬೇಕು. ಈ ಮಾತುಗಳು ಪಕ್ಕದ ಊರಿನವರಿಗೂ ತಿಳಿಯುತ್ತಿರಲಿಲ್ಲ. ಸಂತೆಯಲ್ಲಿ ಬಾಯಿ ತಪ್ಪಿ ಆಡಿದರೆ ಪೇಟೆಯವರು ಕೇಕೆ ಹಾಕಿ ನಗುತ್ತಿದ್ದರು. ಹಾಗೆ ನಗಿಸಿಕೊಂಡು ನಗಿಸಿಕೊಂಡು ಸೋಗಲಿಮಟ್ಟಿಯವರಿಗೆ ತಮ್ಮ ಮಾತೆಂದರೆ ತಮಗೇ ಒಂದು ನಾಚಿಕೆ ಹುಟ್ಟಿಬಿಟ್ಟಿತ್ತು. ಪರವೂರಿನವರು ಯಾರಾದರೂ “ನೀವು ಹಿಂಗ ಅಂತೀರಂತ, ಖರೇನ?” ಎಂದು ಕೇಳಿದರೆ, “ಯಾರ್ರೀ ಹೇಳಿದವರು? ನಾವು ಹಂಗ ಅನ್ನಂಗಿಲ್ಲ” ಎಂದು ಮುಖ ತಿರುಗಿಸುತ್ತಿದ್ದರು.

ಇಂಥ ಹೊತ್ತಿನಲ್ಲಿ ಗುಡ್ಡದಾಚೆಯ ಹಿರೇಬಾಚನಾಳದವರು ಕೆರೆ ತಮ್ಮದೆಂದು ದೇಸಾಯರಿಗೆ ಅರ್ಜಿ ಕೊಟ್ಟರು. ಊರು ದೊಡ್ಡದು, ಅಲ್ಲಿನ ಬಾಳನಗೌಡನ ಬಾಯಿ ಅದಕ್ಕಿಂತ ದೊಡ್ಡದು. ಕೆರೆ ಯಾವ ಊರಿನದೋ ಮೊದಲ ನೀರು ಆ ಊರಿನದು. ಉಳಿದರೆ ಮಾತ್ರ ಇನ್ನೊಬ್ಬರಿಗೆ. ಕೆರೆ ಹಿರೇಬಾಚನಾಳಕ್ಕೆ ಹೋಯಿತೆಂದರೆ ಸೋಗಲಿಮಟ್ಟಿಯ ಕೆಳಗಿನ ಗದ್ದೆಗಳೆಲ್ಲ ಬಿರುಕು ಬಿಟ್ಟಂತೆಯೇ. ಜನ ಗಂಟುಮೂಟೆ ಕಟ್ಟಬೇಕು. ಸಾಂವಕ್ಕನ ಕೋಲನ್ನು ಬಾಳನಗೌಡನ ಕಡೆಯವನೊಬ್ಬ ಹಿಡಿಯುತ್ತಾನೆ. ದೇಸಾಯರು ಹಳೆಯ ದಫ್ತರ ತೆಗೆಸಿ ನೋಡಿದರು. ಅವರ ಮುತ್ತಜ್ಜ ಬರೆಸಿದ ಕಾಗದವೇನೋ ಸಿಕ್ಕಿತು, ಆದರೆ ಊರಿನ ಹೆಸರು ಇದ್ದ ಜಾಗವನ್ನೇ ಗೆದ್ದಲು ತಿಂದಿತ್ತು. ‘ಗುಬುಲಾತೋ ಎಂದು ಕೂಗಿ, ಪಚಡಿ ತುಳಿದು, ಕೈಬಳ್ಳಿ ಹಿಡಿದು ಈ ಒಡ್ಡನ್ನು ಉಳಿಸಿದ ಊರವರಿಗೇ ಈ ಕೆರೆ’ ಎಂಬ ಸಾಲು ಮಾತ್ರ ಅಚ್ಚುಕಟ್ಟಾಗಿ ಉಳಿದಿತ್ತು. ಈ ಮಾತುಗಳನ್ನು ಆಡುವ ಊರು ಯಾವುದೆಂದು ಗೊತ್ತಾದರೆ ಸಾಕು, ನ್ಯಾಯ ತಾನಾಗಿಯೇ ಆಗುತ್ತದೆ ಎಂದುಕೊಂಡು ದೇಸಾಯರು, ಒಡ್ಡಿನ ಮೇಲೆಯೇ ಕುಳಿತು ಎರಡೂ ಊರವರನ್ನು ವಿಚಾರಿಸುತ್ತೇವೆ ಎಂದು ಡಂಗುರ ಹೊಡೆಸಿದರು. ಕಾಗದದಲ್ಲಿ ಏನಿದೆ ಎಂಬುದನ್ನು ಹೊರಗೆ ಬಿಡಲಿಲ್ಲ. ಆದರೆ ದೇಸಾಯರ ವಾಡೆಯಲ್ಲಿ ಲೆಕ್ಕಪತ್ರ ಬರೆಯುವ ಕಾರಕೂನನೊಬ್ಬ ಬಾಳನಗೌಡನ ಅಳಿಯ. ಇನ್ನು ಹೇಳುವುದೇನಿದೆ! ಮಾವನ ಕಿವಿಗೆ ಸುದ್ದಿ ಆ ದಿನವೇ ಮುಟ್ಟಿತು.

ಬಾಳನಗೌಡ ತಡಮಾಡಲಿಲ್ಲ. ಬೀಸುವ ಕಲ್ಲಿಗೆ ಉಳಿ ಹಾಕಿ ಕೊಡುವವನ ವೇಷದಲ್ಲಿ ಒಬ್ಬನನ್ನು ಸೋಗಲಿಮಟ್ಟಿಗೆ ಕಳಿಸಿದ. ಮನೆಮನೆಯ ಅಂಗಳದಲ್ಲಿ ಕುಳಿತು ಟಕಟಕ ಉಳಿ ಹೊಡೆಯುವವನ ಮುಂದೆ ಹೆಂಗಸರು ಎಲ್ಲ ಮಾತನ್ನೂ ಆಡುತ್ತಾರೆ. ಅವನ ಮುಂದೆ ನಾಚಿಕೆ ಯಾರಿಗೆ? ಇಪ್ಪತ್ತು ದಿನದಲ್ಲಿ ಅವನು ಆ ಮೂರು ಮಾತುಗಳನ್ನು, ಅವುಗಳ ಅರ್ಥವನ್ನು, ಎಳೆದು ಆಡುವ ರಾಗವನ್ನು ಕೂಡ ಹೊತ್ತುಕೊಂಡು ಹೋದ. ಹಿರೇಬಾಚನಾಳದಲ್ಲಿ ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ಬಾಯಿಪಾಠವಾಯಿತು. ಇತ್ತ ಸೋಗಲಿಮಟ್ಟಿಯಲ್ಲಿ ನಡೆದದ್ದನ್ನು ನೆನೆದರೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದು. ಊರ ಹಿರಿಯ ರಾಚನಗೌಡ ಒಳ್ಳೆಯ ಮನುಷ್ಯ, ಆದರೆ ಮರ್ಯಾದೆಗೆ ಅಂಜುವವನು. ದೇಸಾಯರ ಮುಂದೆ ನಮ್ಮ ಒರಟು ಮಾತು ಬಾಯಿಂದ ಬಿದ್ದರೆ ಇವರೆಂಥ ಕಾಡುಜನ ಎಂದು ಕೆರೆ ಕಿತ್ತು ಬೇರೆಯವರಿಗೆ ಕೊಟ್ಟಾರು ಎಂದು ಹೆದರಿ, ಪೇಟೆಯಿಂದ ವಾಮನ ಪಂತರೆಂಬ ಪಂಡಿತರನ್ನು ಕರೆಸಿದ. ಪಂತರು ಎಂಟು ದಿನ ಚಾವಡಿಯಲ್ಲಿ ಪಾಠ ಮಾಡಿದರು. ‘ಗುಬುಲ್’ ಅನ್ನಬಾರದು, ‘ಜಲೋದ್ಭೇದ’ ಅನ್ನಬೇಕು. ‘ಪಚಡಿ’ ಅನ್ನಬಾರದು, ‘ಮೃತ್ತಿಕಾಲೇಪನ’ ಅನ್ನಬೇಕು. ಕುರಿ ಕಾಯುವವರು, ಹೊಲ ಹೂಡುವವರು ಸಾಲಾಗಿ ಕುಳಿತು ಬೆವರು ಒರೆಸಿಕೊಳ್ಳುತ್ತ ‘ಮೃತ್ತಿಕಾ, ಮೃತ್ತಿಕಾ’ ಎಂದು ಉರು ಹೊಡೆದರು.

ಸಾಂವಕ್ಕನ ನಾಲಿಗೆ ಮಾತ್ರ ತಿರುಗಲಿಲ್ಲ. ಎಂಟನೆಯ ದಿನ ಅವಳು ಎದ್ದು ನಿಂತು, “ಪಂತರ, ಒಡ್ಡು ಒಡದಾಗ ಇಷ್ಟುದ್ದ ಹೇಳೂದ್ರಾಗ ನೀರು ಊರು ಮುಟ್ಟತೈತಿ” ಎಂದಳು. ಚಾವಡಿಗೆ ಚಾವಡಿಯೇ ನಕ್ಕಿತು. ರಾಚನಗೌಡನಿಗೆ ಸಿಟ್ಟು ಬಂತು. “ಯಕ್ಕಾ, ನಿನಗ ಕೈ ಮುಗಿತೀನಿ. ಅವತ್ತು ಹಿಂದ ಕುಂದರು, ಬಾಯಿಗೆ ಬೀಗ ಹಾಕ್ಕೋ. ಆ ಮಾತೊಂದು ನಿನ್ನ ಬಾಯಿಂದ ಬಂತಂದ್ರ ಊರಿಗೇ ಕುತ್ತು” ಎಂದ. ಸಾಂವಕ್ಕ ಒಳಗೊಳಗೇ ಕುದಿದಳು. ಯಮನಪ್ಪ ನೀರಿಗೆ ಹಾರುವ ಮುಂಚೆ ಕೊನೆಯದಾಗಿ ಆಡಿದ ಮಾತು ‘ಗುಬುಲಾತೋ’ ಎಂಬುದೇ ಆಗಿತ್ತು. ಅಂಥ ಮಾತನ್ನು ಈಗ ಹೊಲಸು ಎಂಬಂತೆ ಮುಚ್ಚಿಡಬೇಕೇ? ಅವಳಿಗೆ ಅಳುವೇ ಬಂತು. ಆದರೂ ಊರಿಗಾಗಿ ಬಾಯಿ ಮುಚ್ಚಿಕೊಂಡಿರಲು ಒಪ್ಪಿದಳು.

ವಿಚಾರಣೆಯ ದಿನ ಕೆರೆ ತುಂಬಿ ತುಳುಕುತ್ತಿತ್ತು. ಒಡ್ಡಿನ ಮೇಲೆ ಚಪ್ಪರ, ಜಮಖಾನೆ, ಲೋಡು. ದೇಸಾಯರ ಎರಡು ಆನೆ, ಇಪ್ಪತ್ತು ಕುದುರೆ, ಎಣಿಸಲಾರದಷ್ಟು ಚಕ್ಕಡಿ. ಸೋಗಲಿಮಟ್ಟಿಯವರು ಎಲ್ಲೆಲ್ಲಿಂದಲೋ ಎರವಲು ತಂದ ರುಮಾಲು ಸುತ್ತಿಕೊಂಡು, ಬಿಳಿ ಅಂಗಿ ತೊಟ್ಟು, ಮದುವೆಗೆ ಬಂದವರಂತೆ ಕುಳಿತರು. ದೇಸಾಯರು ಕಾಗದ ಬಿಚ್ಚಿ, “ಗುಬುಲಾತೋ ಎಂದರೇನು? ಇದು ಯಾರ ಮಾತು?” ಎಂದು ಕೇಳಿದರು. ಕೇಳಿದ್ದೇ ತಡ, ಬಾಳನಗೌಡ ಎದ್ದು ಎದೆಯುಬ್ಬಿಸಿ, “ನಮ್ಮದ್ರೀ ಧಣ್ಯಾರ! ತಲತಲಾಂತರದಿಂದ ನಮ್ಮದು” ಎಂದು ಮೂರೂ ಮಾತುಗಳನ್ನು ಅರ್ಥಸಮೇತ ಒಪ್ಪಿಸಿದ. ಹಿಂದಿದ್ದ ಅವನ ಜನರೂ ಒಕ್ಕೊರಲಿನಿಂದ ಒಂಬತ್ತು ಸಲ ಹೇಳಿದರು. ದೇಸಾಯರು ಸೋಗಲಿಮಟ್ಟಿಯ ಕಡೆ ತಿರುಗಿ, “ನೀವು? ನೀವೂ ಈ ಮಾತು ಆಡುತ್ತೀರೋ?” ಎಂದರು. ರಾಚನಗೌಡನ ಮುಖ ಬಿಳುಚಿತು. ಬಾಳನಗೌಡ ತಮ್ಮನ್ನು ಆಡಿಕೊಂಡು ನಗಿಸಲೆಂದೇ ಈ ಮಾತುಗಳನ್ನು ಅರ್ಜಿಯಲ್ಲಿ ಬರೆಸಿದ್ದಾನೆ ಎಂದು ಪಾಪ, ಅವನು ತಿಳಿದ. ಎರಡೂ ಕೈ ಜೋಡಿಸಿ, “ಇಲ್ರೀ ಧಣ್ಯಾರ. ಅಂಥಾ ಹಲ್ಕಾ ಮಾತು ನಮ್ಮೂರಾಗ ಯಾರೂ ಆಡಂಗಿಲ್ಲ. ನಾವು ಜಲೋದ್ಭೇದ ಅಂತೀವ್ರಿ” ಎಂದುಬಿಟ್ಟ! ದೇಸಾಯರು ಇನ್ನೂ ಹತ್ತು ಮಂದಿಯನ್ನು ಕೇಳಿದರು. ಹತ್ತು ಮಂದಿಯೂ ಗಂಗೆಯ ಆಣೆ, ಗುಡ್ಡದ ಆಣೆ, ಹೆತ್ತವ್ವನ ಆಣೆ ಮಾಡಿ ಆ ಮಾತು ತಮಗೆ ಗೊತ್ತೇ ಇಲ್ಲವೆಂದರು. ತಮ್ಮ ಕೆರೆಯನ್ನು ತಮ್ಮ ಬಾಯಿಂದಲೇ ಬಿಟ್ಟುಕೊಡುತ್ತಿದ್ದೇವೆಂಬುದು ಒಬ್ಬನಿಗೂ ಹೊಳೆಯಲಿಲ್ಲ. ತೀರ್ಪು ಬರೆಯಲು ಕಾರಕೂನ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದ.

ಹೆಂಗಸರ ಸಾಲಿನ ಕೊನೆಯಲ್ಲಿ, ಒಡ್ಡಿನ ಹೊರ ಇಳಿಜಾರಿನ ಮೇಲೆ ಕುಳಿತಿದ್ದ ಸಾಂವಕ್ಕನಿಗೆ ಅಷ್ಟರಲ್ಲಿ ಅಂಗಾಲು ತಣ್ಣಗಾಯಿತು. ಕೆಳಗೆ ನೋಡಿದಳು. ಆನೆಗಳು ನಿಂತ ಜಾಗದ ನೇರಕ್ಕೆ, ಒಡ್ಡಿನ ಬುಡದಲ್ಲಿ, ಹುಲ್ಲು ಅಲುಗಾಡುತ್ತಿತ್ತು. ಗಾಳಿಯಿರಲಿಲ್ಲ. ಎರಡು ಹೆಜ್ಜೆ ಇಳಿದು ನೋಡಿದರೆ ಕೆಂಪು ನೀರು ಬೊಗಸೆಯಗಲ ಉಕ್ಕುತ್ತಿದೆ; ನೋಡನೋಡುತ್ತಿದ್ದಂತೆ ಬುಟ್ಟಿಯಗಲವಾಯಿತು. ಅವಳು ಓಡಿಹೋಗಿ ರಾಚನಗೌಡನ ಬೆನ್ನ ಹಿಂದೆ ನಿಂತು, ಕೊಟ್ಟ ಮಾತಿಗೆ ಕಟ್ಟುಬಿದ್ದು, ಪಂತರು ಕಲಿಸಿದ್ದನ್ನೇ ಹೇಳಲು ಹೊರಟಳು. “ಗೌಡಪ್ಪಾ... ಅದು... ಜಲ... ಜಲದ್ದು...” ಬಾಯಿಗೆ ಬರಲೊಲ್ಲದು. ಗೌಡ ತಿರುಗಿಯೂ ನೋಡದೆ, “ಶ್ಶ್! ಧಣ್ಯಾರು ಮಾತಾಡಾಕತ್ತಾರ, ಸುಮ್ನ ಕುಂದರು” ಎಂದು ಗದರಿದ. ಅವಳು ಒಂದು ಕ್ಷಣ ಕೆರೆಯ ಕಡೆ ನೋಡಿದಳು. ಕುತ್ತು ಬರುವುದಾದರೆ ಬರಲಿ, ಊರು ನನ್ನನ್ನು ಹೊರಗೆ ಹಾಕುವುದಾದರೆ ಹಾಕಲಿ, ಯಮನಪ್ಪ ಉಳಿಸಿದ್ದು ನನ್ನ ಕಣ್ಣೆದುರಿಗೆ ಒಡೆದು ಹೋಗಬಾರದು ಎಂದು ನಿಶ್ಚಯಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದಳು:

“ಗುಬುಲಾತೋ! ಗುಬುಲಾತೋ!”

ಎರಡು ಗುಡ್ಡಗಳೂ ಮಾರ್ದನಿಗೊಟ್ಟವು ಎನ್ನುತ್ತಾರೆ. ಆಮೇಲೆ ನಡೆದದ್ದನ್ನು ಹೇಳುವಾಗ ಸೋಗಲಿಮಟ್ಟಿಯ ಮುದುಕರು ಇಂದಿಗೂ ಕುಳಿತಲ್ಲಿಂದ ಎದ್ದು ನಿಲ್ಲುತ್ತಾರೆ. ಆ ಮಾತು ತಮಗೆ ಗೊತ್ತೇ ಇಲ್ಲವೆಂದು ಹೆತ್ತವ್ವನ ಆಣೆ ಮಾಡಿದ್ದ ಹತ್ತೂ ಮಂದಿ ಎಲ್ಲರಿಗಿಂತ ಮೊದಲು ಎದ್ದರು! ದೇಸಾಯರಿದ್ದಾರೆ, ಬಿಳಿ ಅಂಗಿ ತೊಟ್ಟಿದ್ದೇವೆ ಎಂಬ ಎಚ್ಚರ ಯಾರಿಗಿದೆ? ರಾಚನಗೌಡನೇ ಜೋಡಿಸಿದ್ದ ಕೈ ಬಿಚ್ಚಿ, ದೇಸಾಯರ ಜಮಖಾನೆಯನ್ನು ತುಳಿದುಕೊಂಡು, “ಎಲ್ಲೈತಿ? ಎಲ್ಲೈತಿ?” ಎಂದು ಇಳಿಜಾರಿಗೆ ಹಾರಿದ. ಗಂಡಸರು ನೀರಿನ ಕಡೆ, ಹೆಂಗಸರು ಮಣ್ಣಿನ ಗುಂಡಿಯ ಕಡೆ, ಯಾರೂ ಯಾರಿಗೂ ಹೇಳದೆ ತಂತಮ್ಮ ಜಾಗಕ್ಕೆ ಹೋದರು. “ಪಚಡಿ ತುಳೀರಿ! ಕೈಬಳ್ಳಿ ಹಿಡೀರಿ!” ಎಂದು ಸಾಂವಕ್ಕ ಒಡ್ಡಿನ ತುದಿಯಿಂದ ಕೂಗುತ್ತಿದ್ದರೆ ನಾನೂರು ಕೈ ಒಂದೇ ಸಾಲಾದವು. ಚಕ್ಕಡಿಯ ಎತ್ತಿಗೆ ಹಾಕಿದ್ದ ಕಣಿಕೆ ಗುಂಡಿಗೆ ಬಿತ್ತು, ದೇಸಾಯರ ಹೂವಿನ ಬುಟ್ಟಿಗಳು ಮಣ್ಣಿನ ಬುಟ್ಟಿಗಳಾದವು. ಇತ್ತ ಹಿರೇಬಾಚನಾಳದವರು ಕುಳಿತಲ್ಲಿಂದ ಕದಲಲಿಲ್ಲ. ಒಂಬತ್ತು ಸಲ ಆ ಮಾತನ್ನು ಒಪ್ಪಿಸಿದ್ದರಲ್ಲ, ಹತ್ತನೆಯ ಸಲ ಕಿವಿಗೆ ಬಿದ್ದಾಗ ಸಾಂವಕ್ಕ ಸಾಕ್ಷಿ ಹೇಳುತ್ತಿದ್ದಾಳೆಂದೇ ತಿಳಿದರು. ಬಾಳನಗೌಡನಂತೂ ಮೀಸೆ ತಿರುವುತ್ತ, “ನೋಡ್ರೀ ಧಣ್ಯಾರ, ನಿಮ್ಮ ಕಣ್ಣ ಮುಂದನ ನಮ್ಮ ಮಾತು ಕದಿಯಾಕತ್ತಾರ!” ಎಂದ. ಹಾಗೆ ಹೇಳುತ್ತಿರುವಾಗಲೇ ಕೆಂಪು ನೀರು ಇಳಿಜಾರಿನ ಕೆಳಗೆ ಬಿಟ್ಟಿದ್ದ ಅವನ ಕಾಲಿನ ಜೋಡುಗಳನ್ನು ತೇಲಿಸಿಕೊಂಡು ಹೊರಟಿತ್ತು.

ತೂತಿನ ಒಳಬಾಯಿ ಹುಡುಕಲು ಯಾರಾದರೂ ನೀರಿಗಿಳಿಯಬೇಕಿತ್ತು. ನೀರು ಎಲ್ಲಿ ಸುಳಿ ತಿರುಗುತ್ತಿದೆ ಎಂಬುದು ಸಾಂವಕ್ಕನ ಕಣ್ಣಿಗಷ್ಟೇ ಬಿತ್ತು. ಅವಳು ಹಗ್ಗದ ಒಂದು ತುದಿಯನ್ನು ತನ್ನ ನಡುವಿಗೆ ಬಿಗಿದು, ಇನ್ನೊಂದು ತುದಿಯನ್ನು ರಾಚನಗೌಡನ ಕೈಗೆ ಕೊಟ್ಟು, “ಈ ಸಲ ಬಿಡಬ್ಯಾಡ್ರಿ” ಎಂದಷ್ಟೇ ಹೇಳಿ ಇಳಿದಳು. ಕಾಲಿಟ್ಟು ತಡಕಿದಳು, ತೂತು ಸಿಕ್ಕಿತು, ಒಳಗೆಳೆಯುವ ಸೆಳೆತಕ್ಕೆ ಕಾಲು ಮೊಣಕಾಲಿನವರೆಗೆ ಹೋಯಿತು. “ಅರಿವಿ ಕೊಡ್ರಿ!” ಎಂದು ಅರಚಿದಳು. ಎರವಲು ತಂದ ರುಮಾಲುಗಳು ಒಂದೊಂದಾಗಿ ತಲೆಯಿಂದ ಬಿಚ್ಚಿ ನೀರಿಗೆ ಬಂದವು; ಜರಿಯದು, ರೇಶಿಮೆಯದು, ಯಾವುದನ್ನೂ ಯಾರೂ ನೋಡಲಿಲ್ಲ. ಕೊನೆಯದಾಗಿ ವಾಮನ ಪಂತರೂ ತಮ್ಮ ತಲೆಯ ಪಾಗೋಟೆಯನ್ನು ಎಸೆದರು, ಎಸೆಯುವಾಗ ‘ಗುಬುಲಾತೋ’ ಎಂದೇ ಕೂಗಿದರು ಎನ್ನುತ್ತಾರೆ. ಅರಿವೆಯ ಮೇಲೆ ಪಚಡಿ, ಪಚಡಿಯ ಮೇಲೆ ಕಲ್ಲು, ಮತ್ತೆ ಪಚಡಿ. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಹೊರಬುಡದ ಉಕ್ಕು ನಿಂತು, ಸಣ್ಣಗೆ ಜಿನುಗಿ, ಅದೂ ನಿಂತಿತು. ಹಗ್ಗ ಎಳೆದು ಸಾಂವಕ್ಕನನ್ನು ಮೇಲೆ ತಂದಾಗ ರಾಚನಗೌಡನ ಎರಡೂ ಅಂಗೈ ಸುಲಿದಿದ್ದವು. ಅವನು ಅವಳ ಕಾಲ ಬಳಿ ಕುಳಿತು ಮಗುವಿನಂತೆ ಅತ್ತುಬಿಟ್ಟ. “ಎದ್ದೇಳೋ ತಮ್ಮಾ, ಒಡ್ಡು ಉಳೀತು” ಎಂದಳು ಅವಳು, ತಾನೂ ಅಳುತ್ತ, ನಗುತ್ತ.

ದೇಸಾಯರು ಅಷ್ಟು ಹೊತ್ತೂ ನಿಂತೇ ನೋಡಿದ್ದರು. ಕಾರಕೂನನ ಕೈಯಿಂದ ಕಾಗದ ತೆಗೆದುಕೊಂಡು ಮೊದಲು ಬಾಳನಗೌಡನ ಕಡೆ ತಿರುಗಿ, “ಗೌಡರೇ, ಮಾತನ್ನು ನೀವು ಚೆನ್ನಾಗಿ ಬಲ್ಲಿರಿ. ಅದು ಮಾತ್ರ ನಿಮ್ಮನ್ನು ಬಲ್ಲದು ಎಂದು ಕಾಣುವುದಿಲ್ಲ” ಎಂದರು. ಆಮೇಲೆ ಕೆಸರಿನಲ್ಲಿ ಅದ್ದಿ ತೆಗೆದಂತೆ ನಿಂತಿದ್ದ ಸೋಗಲಿಮಟ್ಟಿಯವರನ್ನು ನೋಡಿ, “ನೀವು ಹತ್ತು ಜನ ಸುಳ್ಳು ಆಣೆ ಮಾಡಿದಿರಿ. ನಿಮ್ಮ ಕೈಕಾಲು ನಿಮಗಿಂತ ಸತ್ಯವಂತವು. ಕೆರೆ ಅವುಗಳಿಗೆ ಸೇರಿದ್ದು, ಇನ್ನು ಯಾರೂ ಕೇಳುವಂತಿಲ್ಲ” ಎಂದು ಅಪ್ಪಣೆ ಕೊಟ್ಟರು. ಊರಿಗೆ ಊರೇ ಕುಣಿಯಿತು! ಮಣ್ಣು ತುಳಿದ ಕಾಲುಗಳೇ ಹೆಜ್ಜೆ ಹಾಕಿದವು, ದೇಸಾಯರ ನಗಾರಿಯವರು ತಾವಾಗಿಯೇ ಬಾರಿಸಿದರು, ಆನೆಯ ಮೇಲೆ ಕೂರಲು ಕರೆದರೆ ಸಾಂವಕ್ಕ, “ಬ್ಯಾಡ್ರೀ, ಆ ಆನಿಯಿಂದನ ಒಡ್ಡು ಕುಸದದ್ದು, ಮೊದಲ ಅದನ್ನ ಕೆಳಗಿಳಸ್ರಿ” ಎಂದು ಗದರಿದಳು. ಕೆರೆಗೆ ತಮ್ಮ ಮುತ್ತಜ್ಜ ಚಂದ್ರಪ್ಪ ದೇಸಾಯರ ಹೆಸರಿಡಬೇಕೆಂದು ವಾಡೆಯವರು ಮೊದಲೇ ‘ಚಂದ್ರಸಾಗರ’ ಎಂದು ಕೆತ್ತಿಸಿ ಒಂದು ಕಲ್ಲು ತಂದಿದ್ದರು. ದೇಸಾಯರು ಆ ಕಲ್ಲನ್ನು ಮಗ್ಗುಲು ಹೊರಳಿಸಿ, ಬರಿದಾದ ಬದಿಯಲ್ಲಿ ಸಾಂವಕ್ಕ ಕೂಗಿದ್ದನ್ನೇ ಕೆತ್ತಲು ಹೇಳಿದರು. ರಾಚನಗೌಡನಿಗೆ ಆಗಲೂ ಹಳೆಯ ನಾಚಿಕೆ ಬಿಡಲಿಲ್ಲ ನೋಡಿ. “ಧಣ್ಯಾರ, ಕಲ್ಲಿನ ಮ್ಯಾಲೆ ಆ ಮಾತು ಬ್ಯಾಡ್ರೀ” ಎಂದು ಸಣ್ಣಗೆ ಗೊಣಗಿದ. ಅದಕ್ಕೆ ಉತ್ತರ ಕೊಟ್ಟವಳು ಅವನ ಹೆಂಡತಿ ಎನ್ನುತ್ತಾರೆ. ಏನು ಕೊಟ್ಟಳೆಂಬುದನ್ನು ಬರೆಯುವ ಹಾಗಿಲ್ಲ. ಅಂದಿನಿಂದ ಆ ಕೆರೆ ಗುಬುಲಕೆರಿಯಾಯಿತು. ಮಾತು ಕಲಿತುಕೊಂಡು ಹೋಗಿದ್ದ ಹಿರೇಬಾಚನಾಳದವರಿಗೂ ಉಳಿದ ನೀರಿನಲ್ಲಿ ಪಾಲು ಸಿಕ್ಕಿತು, ಆದರೆ ಕೂಗು ಕೇಳಿದರೆ ಅವರೂ ಬುಟ್ಟಿ ಹಿಡಿದು ಬರಬೇಕೆಂಬ ಕರಾರಿನ ಮೇಲೆ.

ಆ ಕಲ್ಲು ಈಗಲೂ ಒಡ್ಡಿನ ನಡುಮಧ್ಯದಲ್ಲಿ, ಎದೆಯೆತ್ತರಕ್ಕೆ ನಿಂತಿದೆ. ನೋಡಲು ಹೋದವರಿಗೆ ಒಂದು ವಿಚಿತ್ರ ಕಾಣುತ್ತದೆ: ಮೇಲಿನ ಸೂರ್ಯಚಂದ್ರರು, ಕೆಳಗಿನ ಸಾಲುಗೈಗಳು ಎಲ್ಲ ಸ್ವಚ್ಛವಾಗಿವೆ, ಮಾತು ಕೆತ್ತಿದ ಸಾಲಿಗೆ ಮಾತ್ರ ಯಾರೋ ದಪ್ಪಗೆ ಕೆಸರು ಮೆತ್ತಿದ್ದಾರೆ. ಅದು ಹೋದ ಶ್ರಾವಣದ ಕೆಲಸ. ನಗರದಿಂದ ಕಾರಿನಲ್ಲಿ ಬಂದವನೊಬ್ಬ, ನೋಡಲು ಸಭ್ಯನೇ, ಕಲ್ಲಿನ ಬಳಿ ನಿಂತು ಊರಿನ ಹೆಣ್ಣುಮಗಳೊಬ್ಬಳನ್ನು, “ಈ ಶಬ್ದ ಪುಸ್ತಕದಲ್ಲಿ ಓದಿದ್ದೆ. ಈಗಿನ ಕಾಲದಲ್ಲಿ ಇದನ್ನು ನಿಜವಾಗಿ ಯಾರಾದರೂ ಬಳಸುತ್ತಾರೆಯೇ?” ಎಂದು ಕೇಳಿದ. ಅವಳು ಎಂದಿನಂತೆ, “ಇಲ್ರೀ, ಯಾರೂ ಅನ್ನಂಗಿಲ್ಲ” ಎಂದು ಮುಖ ತಿರುಗಿಸಿ ಹೋದಳು. ಅವನು ಮೊಬೈಲು ಎತ್ತಿ ಹಿಡಿದು, ಒಳ್ಳೆಯ ಕಂಠವಿದ್ದವನು, ಕಲ್ಲಿನ ಮೇಲಿದ್ದುದನ್ನು ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಬಾಯಿ ಮುಚ್ಚುವುದರೊಳಗೆ ಊರು ಬಂದಿತ್ತು: ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡವನು, ಹಿಟ್ಟಿನ ಕೈಯವಳು, ಟ್ರ್ಯಾಕ್ಟರನ್ನು ಹೊಲದಲ್ಲೇ ಬಿಟ್ಟು ಓಡಿಬಂದವನು, ಬುಟ್ಟಿ ಸಲಿಕೆ ಹಿಡಿದ ಇನ್ನೂರು ಮುನ್ನೂರು ಜನ, ಎಲ್ಲರಿಗಿಂತ ಮುಂದೆ, ಈಗಷ್ಟೇ ‘ಇಲ್ರೀ’ ಎಂದು ಹೋದ ಅದೇ ಹೆಣ್ಣುಮಗಳು. ತೂತು ಬಿದ್ದಿಲ್ಲವೆಂದು ತಿಳಿದ ಮೇಲೆ ಯಾರೂ ಅವನನ್ನು ಬೈಯಲಿಲ್ಲ. ಕೂಗಿದ್ದು ಕೂಗಿ ಆಯಿತು, ಬಂದವರು ಬಂದದ್ದಾಯಿತು ಎಂದು ಅವನ ಕೈಗೂ ಒಂದು ಬುಟ್ಟಿ ಕೊಟ್ಟು ಸಾಲಿನಲ್ಲಿ ನಿಲ್ಲಿಸಿಕೊಂಡರು. ಸಂಜೆಯವರೆಗೆ ಅವನು ಮಣ್ಣು ದಾಟಿಸಿದ. ಇನ್ನೊಬ್ಬ ಬಂದು ಗಟ್ಟಿಯಾಗಿ ಓದದಿರಲೆಂದು ಕೊನೆಯ ಬುಟ್ಟಿಯ ಕೆಸರನ್ನು ಆ ಸಾಲಿಗೇ ಮೆತ್ತಿದರು. ಒಡ್ಡು ಆ ದಿನ ಗೇಣುದ್ದ ಮೇಲೆದ್ದಿತು.